ಮೇಲ್‌ಗೆ ಬೀಗ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಪಾಸ್‌ವರ್ಡ್ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ. ಅಂದರೆ ನಿಮ್ಮಲ್ಲಿ ಅರ್ಧ ಜನರಾದರೂ ಯಾವುದೋ ಒಂದನ್ನು ಮರೆತು ಕೂತಿದ್ದೀರಿ ಅಂತ ನನ್ನ ಅನುಮಾನ.

ಇಮೇಲ್ ಎನ್‌ಕ್ರಿಪ್ಷನ್, ಅಂದರೆ ಕೀಲಿ ಇಲ್ಲದವರಿಗೆ ಓದಲು ಬಾರದ ಹಾಗೆ ಮೇಲ್ ಮುಚ್ಚಿಡುವುದು, ಅಂದ ತಕ್ಷಣ ನಾವು ಯೋಚಿಸುವುದು ದಾರಿಯ ಬಗ್ಗೆ. ನಾನು ಕಳಿಸಿದ್ದನ್ನು ಮಧ್ಯದಲ್ಲಿ ಯಾರಾದರೂ ಓದಿಬಿಟ್ಟರೆ ಅಂತ. ಆದರೆ ಮೇಲ್ ದಾರಿಯಲ್ಲಿರುವುದು ಕೆಲವೇ ಸೆಕೆಂಡು. ಆಮೇಲೆ ಹತ್ತು ಹದಿನೈದು ವರ್ಷ ಅದು ಯಾವುದೋ ಡಿಸ್ಕ್ ಮೇಲೆ ಬಿದ್ದಿರುತ್ತದೆ. ಇವತ್ತು ನಾನು ಮಾತಾಡುವುದು ಹಾಗೆ ಬಿದ್ದಿರುವ ಮೇಲ್ ಬಗ್ಗೆ.

ಕಂಪ್ಯೂಟರ್‌ನಲ್ಲಿ ಮೇಲ್ ಓದಲು ಥಂಡರ್‌ಬರ್ಡ್ ಅನ್ನುವ ಪ್ರೋಗ್ರಾಮ್ ಬಳಸುವವರು ಎಷ್ಟು ಜನ ಇದ್ದೀರಿ? ನಾಲ್ಕೈದು ಕೈ ಕಾಣುತ್ತಿದೆ, ಸಾಕು. ಮನೆಗೆ ಹೋಗಿ ಒಂದು ಕೆಲಸ ಮಾಡಿ. ಹೆಲ್ಪ್ ಮೆನುವಿನಿಂದ ಪ್ರೊಫೈಲ್ ಫೋಲ್ಡರ್ ತೆರೆಯಿರಿ. ಒಳಗೆ ನಿಮ್ಮ ಮೇಲ್ ಸರ್ವರ್ ಹೆಸರಿನದೇ ಒಂದು ಫೋಲ್ಡರ್ ಇರುತ್ತದೆ. ಅದರೊಳಗೆ ‘ಇನ್‌ಬಾಕ್ಸ್’ ಅಂತ ಒಂದು ಫೈಲ್, ಹೆಸರಿನ ಕೊನೆಗೆ .txt ಥರದ ಬಾಲ ಇಲ್ಲದ್ದು. ಅದರ ಒಂದು ಕಾಪಿ ಮಾಡಿ, ಆ ಕಾಪಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಫೈಲ್ ದೊಡ್ಡದಿದ್ದರೆ ನೋಟ್‌ಪ್ಯಾಡ್ ಸ್ವಲ್ಪ ಒದ್ದಾಡುತ್ತದೆ, ಕಾಯಿರಿ. ಯಾರು ಕಳಿಸಿದ್ದು, ಯಾವ ದಿನ, ವಿಷಯ ಏನು, ಎಲ್ಲವೂ ಸಾಲುಸಾಲಾಗಿ ಕಾಣುತ್ತದೆ. ಇಂಗ್ಲಿಷ್ ಮೇಲ್ ಆದರೆ ಬಹಳಷ್ಟು ಸಲ ಪೂರ್ತಿ ಓದಬಹುದು. ಕನ್ನಡ ಮೇಲ್, ಫೋಟೋ, ಪಿಡಿಎಫ್ ಇದ್ದ ಕಡೆ ಅರ್ಥವಾಗದ ಅಕ್ಷರಗಳ ರಾಶಿ ಇರುತ್ತದೆ. ಅದನ್ನು ನೋಡಿ ‘ಓ, ಇದು ಎನ್‌ಕ್ರಿಪ್ಟ್ ಆಗಿದೆ’ ಅಂತ ಸಮಾಧಾನ ಪಡಬೇಡಿ. ಸಾಗಿಸಲು ಅನುಕೂಲವಾಗಲಿ ಅಂತ ಬರೆದ ಬೇರೆ ರೂಪ ಅದು. ಯಾವ ಪಾಸ್‌ವರ್ಡೂ ಇಲ್ಲದೆ ಒಂದು ಕ್ಷಣದಲ್ಲಿ ವಾಪಸ್ ಮೂಲಕ್ಕೆ ಬರುತ್ತದೆ.

‘ನಾನು ಪ್ರೈಮರಿ ಪಾಸ್‌ವರ್ಡ್ ಇಟ್ಟಿದ್ದೀನಲ್ಲ’ ಅಂತ ಕೆಲವರು ಹೇಳುತ್ತಾರೆ. ಅದು ಕಾಯುವುದು ಥಂಡರ್‌ಬರ್ಡ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳನ್ನು ಮತ್ತು ಅದರೊಳಗಿರುವ ಕೀಲಿಗಳನ್ನು. ಮೇಲ್‌ಗಳ ಫೈಲ್‌ಗೆ ಅದರಿಂದ ಏನೂ ಆಗುವುದಿಲ್ಲ. ವಿಂಡೋಸ್ ಲಾಗಿನ್ ಪಾಸ್‌ವರ್ಡ್ ಕೂಡ ಅಷ್ಟೇ. ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ, ಅದನ್ನು ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿದವನಿಗೆ ಯಾರೂ ಏನೂ ಕೇಳುವುದಿಲ್ಲ.

ಜಿಮೇಲ್‌ನಂಥ ಸೇವೆಗಳ ಕತೆ ಬೇರೆ. ಅವರ ಡಿಸ್ಕ್‌ಗಳ ಮೇಲೆ ನಮ್ಮ ಮೇಲ್ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ. ಆದರೆ ಸಾಮಾನ್ಯ ಖಾತೆಗಳಲ್ಲಿ ಕೀಲಿ ಕಂಪನಿಯ ಹತ್ತಿರವೇ ಇರುತ್ತದೆ. ಇದನ್ನು ಕೇಳಿ ಮೂಗು ಮುರಿಯುವವರು ಜಾಸ್ತಿ. ನಾನು ಮುರಿಯುವುದಿಲ್ಲ. ಕೀಲಿ ಅವರ ಹತ್ತಿರ ಇರುವುದರಿಂದಲೇ ನೀವು ಪಾಸ್‌ವರ್ಡ್ ಮರೆತಾಗ ಫೋನಿಗೆ ಒಂದು ಕೋಡ್ ಬರುತ್ತದೆ, ಹಳೇ ಮೇಲ್ ಎಲ್ಲ ಹಾಗೇ ಸಿಗುತ್ತದೆ. ಆ ಸೌಕರ್ಯ ಬೇಕು, ಆದರೆ ಕೀಲಿ ಮಾತ್ರ ನನ್ನ ಹತ್ತಿರವೇ ಇರಬೇಕು ಅಂದರೆ ಆಗುವ ಮಾತಲ್ಲ.

ನಮ್ಮ ದೇಶದ ಒಂದು ತಮಾಷೆ ಇದೆ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಏನು? ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ. ಆದಾಯ ತೆರಿಗೆಯ ಇಂಟಿಮೇಶನ್‌ಗೆ ಪ್ಯಾನ್ ನಂಬರ್ ಮತ್ತು ಹುಟ್ಟಿದ ದಿನ. ಇವೆಲ್ಲ ಬಂದು ಬೀಳುವ ಅದೇ ಇನ್‌ಬಾಕ್ಸ್‌ನಲ್ಲಿ, ಯಾವತ್ತೋ ಬಾಡಿಗೆ ಮನೆ ಮಾಲೀಕರಿಗೆ ಕಳಿಸಿದ ಪ್ಯಾನ್ ಕಾರ್ಡ್ ಸ್ಕ್ಯಾನ್ ಕೂಡ ಇರುತ್ತದೆ ಅಲ್ವಾ? ಮರೆಯದಂಥ ಪಾಸ್‌ವರ್ಡ್ ಮಾಡಲು ಹೋದರೆ ಎಲ್ಲರಿಗೂ ಗೊತ್ತಿರುವಂಥದ್ದೇ ಆಗುತ್ತದೆ.

ಈಗ ಇನ್ನೊಂದು ತುದಿಗೆ ಹೋಗೋಣ. ಅಮೆರಿಕದ ಟೆಕ್ಸಸ್‌ನಲ್ಲಿ ಲಾವಾಬಿಟ್ ಅಂತ ಒಂದು ಮೇಲ್ ಸೇವೆ ಇತ್ತು. 2004ರಲ್ಲಿ ಲಾಡರ್ ಲೆವಿಸನ್ ಶುರು ಮಾಡಿದ್ದು. ಅದರಲ್ಲಿ ಮೇಲ್ ಬಂದ ಕೂಡಲೇ ಬಳಕೆದಾರರ ಕೀಲಿಯಿಂದ ಎನ್‌ಕ್ರಿಪ್ಟ್ ಆಗಿ ಸರ್ವರ್‌ನಲ್ಲಿ ಕೂರುವ ಸೌಲಭ್ಯ ಇತ್ತು. ಆ ಕೀಲಿಯನ್ನು ಬಿಡಿಸಲು ಬಳಕೆದಾರರ ಪಾಸ್‌ವರ್ಡ್ ಬೇಕು. ಡಿಸ್ಕ್ ಹೊತ್ತೊಯ್ದರೂ ಏನೂ ಸಿಗಬಾರದು ಅನ್ನುವುದು ಲೆಕ್ಕ. 2013ರಲ್ಲಿ, ಅಮೆರಿಕ ಸರ್ಕಾರದ ಗುಪ್ತ ದಾಖಲೆಗಳನ್ನು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ಪ್ರಕರಣ ಬಂತು. ಸ್ನೋಡೆನ್ ಖಾತೆ ಅಲ್ಲಿತ್ತು. ತನಿಖೆಯವರು ಕೇಳಿದ್ದು ಇಡೀ ಸೇವೆಯ ಎಸ್‌ಎಸ್‌ಎಲ್ ಕೀಲಿಯನ್ನು, ಅಂದರೆ ಬಳಕೆದಾರರಿಂದ ಸರ್ವರ್‌ವರೆಗಿನ ದಾರಿಯನ್ನು ಕಾಯುವ ಕೀಲಿಯನ್ನು. ಯಾಕೆ ಗೊತ್ತಾ? ಡಿಸ್ಕ್ ಮೇಲಿನ ಬೀಗ ಗಟ್ಟಿಯೇ. ಆದರೆ ಲಾಗಿನ್ ಆಗುವಾಗ ಪಾಸ್‌ವರ್ಡ್ ಸರ್ವರ್‌ಗೆ ಹೋಗುತ್ತದೆ. ಆ ದಾರಿಯ ಕೀಲಿ ಸಿಕ್ಕರೆ ಪಾಸ್‌ವರ್ಡ್ ಸಿಕ್ಕಿತು, ಪಾಸ್‌ವರ್ಡ್ ಸಿಕ್ಕರೆ ಮೇಲ್ ಸಿಕ್ಕಿತು. ಲೆವಿಸನ್ ಆ ಕೀಲಿಯನ್ನು 11 ಪುಟಗಳಲ್ಲಿ, ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಪ್ರಿಂಟ್ ತೆಗೆದು ಕೊಟ್ಟರು! ಕೋರ್ಟ್‌ಗೆ ಆ ಹಾಸ್ಯ ಹಿಡಿಸಲಿಲ್ಲ. ದಿನಕ್ಕೆ 5,000 ಡಾಲರ್ ದಂಡ ಅಂತ ಹೇಳಿತು. ಕೊನೆಗೆ ಕೀಲಿ ಕೊಟ್ಟು, ಆಗಸ್ಟ್‌ನಲ್ಲಿ ಸೇವೆಯನ್ನೇ ಮುಚ್ಚಿಬಿಟ್ಟರು.

ಇಂಥ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಅನ್ನುವುದು ಸುಮ್ನೆ ಗುರುತು ಹೇಳುವ ಗುಟ್ಟು ಆಗಿ ಉಳಿಯುವುದಿಲ್ಲ. ಮೇಲ್ ಓದಬಹುದೋ ಇಲ್ಲವೋ ಅನ್ನುವುದೇ ಅದರ ಮೇಲೆ ನಿಂತಿರುತ್ತದೆ. ಬ್ಯಾಂಕ್ ಲಾಕರ್ ಕೀಲಿ ಕಳೆದುಹೋದರೆ ಅರ್ಜಿ ಕೊಡುತ್ತೀರಿ, ಖರ್ಚು ಕಟ್ಟುತ್ತೀರಿ, ನಿಮ್ಮ ಎದುರಿಗೇ ಒಡೆಸಿ ಕೊಡುತ್ತಾರೆ. ಇಲ್ಲಿ ಒಡೆಸಲು ಬರುವುದೇ ಇಲ್ಲ. ಒಡೆಯುವ ಹಾಗಿದ್ದರೆ ಕಳ್ಳನೂ ಒಡೆಯುತ್ತಿದ್ದ.

ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್‌ನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿದರೆ ಖಾತೆ ವಾಪಸ್ ಬರುತ್ತದೆ. ಹೊಸ ಮೇಲ್ ಬರಲು ಶುರುವಾಗುತ್ತದೆ. ಹಳೇ ಮೇಲ್ ಪಟ್ಟಿಯಲ್ಲಿ ಇರುತ್ತವೆ, ಆದರೆ ಒಳಗೆ ಓದಲು ಆಗುವುದಿಲ್ಲ. ಮೊದಲೇ 12 ಪದಗಳ ರಿಕವರಿ ಫ್ರೇಸ್ ಬರೆದಿಟ್ಟುಕೊಂಡಿದ್ದರೆ, ಅಥವಾ ಯಾವತ್ತೋ ಹಳೇ ಪಾಸ್‌ವರ್ಡ್ ನೆನಪಾದರೆ, ಆಗ ಬಿಡಿಸಬಹುದು.

ಮೇಲ್ ಎನ್‌ಕ್ರಿಪ್ಟ್ ಮಾಡಲು ಪಿಜಿಪಿ ಬಳಸುವವರ ಪಾಡು ಇನ್ನೂ ವಿಚಿತ್ರ. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಬರೆದ ಈ ಪ್ರೋಗ್ರಾಮ್‌ನಲ್ಲಿ ನಿಮಗೆ ಬರೆಯುವವರು ಮೇಲ್ ಮುಚ್ಚಲಿ ಅಂತ ನಿಮ್ಮ ಸಾರ್ವಜನಿಕ ಕೀಲಿಯನ್ನು ಲೋಕಕ್ಕೆಲ್ಲ ಹಂಚುತ್ತೀರಿ. ಅದನ್ನು ಬಿಡಿಸುವ ಖಾಸಗಿ ಕೀಲಿಯನ್ನು ಪಾಸ್‌ಫ್ರೇಸ್, ಅಂದರೆ ಉದ್ದನೆಯ ಪಾಸ್‌ವರ್ಡ್, ಹಾಕಿ ಇಟ್ಟುಕೊಳ್ಳುತ್ತೀರಿ. ಪಾಸ್‌ಫ್ರೇಸ್ ಮರೆತಿರಿ ಅಂತಿಟ್ಟುಕೊಳ್ಳಿ. ಹಳೇ ಮೇಲ್ ಹೋಯಿತು, ಸರಿ. ಆದರೆ ಸಾರ್ವಜನಿಕ ಕೀಲಿ ಇನ್ನೂ ಹೊರಗಡೆ ಓಡಾಡುತ್ತಿದೆ! ಜನ ಅದನ್ನೇ ಬಳಸಿ ನಿಮಗೆ ಬರೆಯುತ್ತಲೇ ಇರುತ್ತಾರೆ. ಅದು ರದ್ದಾಗಿದೆ ಅಂತ ಹೇಳಲೂ ಅದೇ ಖಾಸಗಿ ಕೀಲಿ ಬೇಕು. ಸಾರ್ವಜನಿಕ ಕೀಲಿಗಳನ್ನು ಹಂಚುವ ಹಳೇ ಸರ್ವರ್‌ಗಳಲ್ಲಂತೂ ಒಮ್ಮೆ ಹಾಕಿದ್ದನ್ನು ಅಳಿಸಲು ಆಗುತ್ತಲೇ ಇರಲಿಲ್ಲ. ಅದಕ್ಕೇ ಪಿಜಿಪಿ ರೀತಿಯದೇ ಉಚಿತ ಪ್ರೋಗ್ರಾಮ್ ಆದ ಈಗಿನ ಗ್ನುಪಿಜಿ, ಕೀಲಿ ಹುಟ್ಟಿಸುವಾಗಲೇ ರದ್ದು ಪತ್ರವೊಂದನ್ನೂ ಮಾಡಿ ಪಕ್ಕದಲ್ಲಿ ಇಡುತ್ತದೆ. ಅದನ್ನು ಬೇರೆ ಕಡೆ ಕಾಪಿ ಮಾಡಿ ಇಟ್ಟುಕೊಳ್ಳಿ. ಕೀಲಿಗೆ ಒಂದು ಕೊನೇ ದಿನಾಂಕವನ್ನೂ ಹಾಕಿ.

ನನ್ನ ಅಭಿಪ್ರಾಯ ಕೇಳಿದರೆ, ದಾರಿಗೆ ಬಳಸಿದ ಕೀಲಿಯಲ್ಲೇ ವರ್ಷಗಟ್ಟಲೆ ಮೇಲ್ ಮುಚ್ಚಿಡುವುದು ತಪ್ಪು. ಬಂದ ಮೇಲ್ ಅನ್ನು ಬಿಡಿಸಿ. ಬಿಡಿಸಿದ ಪ್ರತಿಯನ್ನು, ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ ಕಂಪ್ಯೂಟರ್‌ನಲ್ಲಿ ಇಡಿ. ಥಂಡರ್‌ಬರ್ಡ್‌ನ ಫಿಲ್ಟರ್‌ನಲ್ಲೇ ‘ಬಿಡಿಸಿ ಬೇರೆ ಫೋಲ್ಡರ್‌ಗೆ ಹಾಕು’ ಅನ್ನುವ ಆಯ್ಕೆ ಇದೆ. ಆ ಫೋಲ್ಡರ್ ಮಾತ್ರ ನಿಮ್ಮ ಡಿಸ್ಕ್‌ನಲ್ಲಿರುವ ಲೋಕಲ್ ಫೋಲ್ಡರ್ ಆಗಿರಲಿ, ಇಲ್ಲದಿದ್ದರೆ ಬಿಡಿಸಿದ ಪ್ರತಿ ಮತ್ತೆ ಸರ್ವರ್‌ಗೆ ಹೋಗಿ ಕೂರುತ್ತದೆ. ಪತ್ರಕರ್ತರು, ವಕೀಲರು, ಜೀವಕ್ಕೇ ಅಪಾಯ ಇರುವವರು ಬೇರೆ ಲೆಕ್ಕ ಹಾಕಬೇಕು, ಒಪ್ಪುತ್ತೇನೆ. ನಮ್ಮಂಥವರಿಗೆ ಲ್ಯಾಪ್‌ಟಾಪ್ ಕಳುವಾಗುವ ಭಯ ಇದೆ, ಪಾಸ್‌ವರ್ಡ್ ಮರೆಯುವ ಭಯ ಅದಕ್ಕಿಂತ ಜಾಸ್ತಿ ಇದೆ. ಬೀಗ ಎರಡಕ್ಕೂ ಹೊಂದಬೇಕು.

ಡಿಸ್ಕ್ ಎನ್‌ಕ್ರಿಪ್ಷನ್‌ನ ಒಳಗುಟ್ಟು ಇಲ್ಲಿ ಸಹಾಯಕ್ಕೆ ಬರುತ್ತದೆ. ನಿಮ್ಮ ಪಾಸ್‌ವರ್ಡ್‌ನಿಂದ ಡಿಸ್ಕ್ ನೇರವಾಗಿ ಎನ್‌ಕ್ರಿಪ್ಟ್ ಆಗುವುದಿಲ್ಲ. ಕಂಪ್ಯೂಟರ್ ತಾನೇ ಒಂದು ದೊಡ್ಡ ಕೀಲಿ ಹುಟ್ಟಿಸಿ ಅದರಿಂದ ಡಿಸ್ಕ್ ಮುಚ್ಚುತ್ತದೆ. ನಿಮ್ಮ ಪಾಸ್‌ವರ್ಡ್ ಆ ಕೀಲಿಯನ್ನು ಮಾತ್ರ ಮುಚ್ಚುತ್ತದೆ. ಹಾಗಾಗಿ ಒಂದೇ ಕೀಲಿಯನ್ನು ಎರಡು ಮೂರು ಪಾಸ್‌ವರ್ಡ್‌ಗಳಿಂದ ಬೇರೆ ಬೇರೆಯಾಗಿ ಮುಚ್ಚಿಡಬಹುದು. ಲಿನಕ್ಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಲಕ್ಸ್ (LUKS) ಪದ್ಧತಿಯ ಮೊದಲ ಆವೃತ್ತಿಯಲ್ಲೇ ಇದಕ್ಕೆ 8 ಜಾಗ ಇದ್ದವು. ಒಂದು ನಿಮ್ಮ ದಿನಬಳಕೆಗೆ, ಇನ್ನೊಂದು ಕಾಗದದ ಮೇಲೆ ಬರೆದು ಬೀರುವಿಗೆ. ಮುಚ್ಚಿಟ್ಟ ಆ ಕೀಲಿ ಇರುವುದು ಡಿಸ್ಕಿನ ಆರಂಭದ ಹೆಡರ್ ಅನ್ನುವ ಭಾಗದಲ್ಲಿ, ಅದಕ್ಕೂ ಬ್ಯಾಕಪ್ ತೆಗೆಯಿರಿ. ಅದು ಕೆಟ್ಟರೆ ಪಾಸ್‌ವರ್ಡ್ ನೆನಪಿದ್ದೂ ಪ್ರಯೋಜನವಿಲ್ಲ.

ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್ ಆದ ಬಿಟ್‌ಲಾಕರ್‌ನಲ್ಲಿ ಈ ಎರಡನೇ ಕೀಲಿ 48 ಅಂಕಿಯದ್ದು. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಮದರ್‌ಬೋರ್ಡ್ ರಿಪೇರಿ ಆಗಿ ಬಂದ ದಿನ ನೀಲಿ ಪರದೆ ಬಂದು 48 ಅಂಕಿ ಕೇಳುತ್ತದೆ. ಆ ಅಂಕಿ ಎಲ್ಲಿದೆ? ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ಖಾತೆಯ ಪಾಸ್‌ವರ್ಡ್? ಮರೆತಿದೆ. ರೀಸೆಟ್ ಮಾಡಿದರೆ ಕೋಡ್ ಮೇಲ್‌ಗೆ ಬರುತ್ತದೆ. ಮೇಲ್ ಪಾಸ್‌ವರ್ಡ್ ಎಲ್ಲಿದೆ? ಅದೇ ಲ್ಯಾಪ್‌ಟಾಪ್ ನೆನಪಿಟ್ಟುಕೊಂಡಿದೆ! ಮನೆಗೆ ಹೋಗಿ ಒಂದು ಹಾಳೆ ತೆಗೆದುಕೊಂಡು, ಯಾವುದನ್ನು ತೆರೆಯಲು ಯಾವುದು ಬೇಕು ಅಂತ ಬಾಣ ಹಾಕಿ ನೋಡಿ. ಬಾಣ ಸುತ್ತಿ ಹೊರಟಲ್ಲಿಗೇ ಬಂದರೆ, ಅದರಲ್ಲಿ ಒಂದನ್ನಾದರೂ ಇವತ್ತೇ ಕಾಗದಕ್ಕೆ ಇಳಿಸಿ.

ಕಾಗದದ ಮೇಲೆ ಬರೆಯಬೇಡಿ ಅಂತ ನಮಗೆ ಹೇಳಿಕೊಟ್ಟಿದ್ದು ಆಫೀಸಿನ ಕಾಲದಲ್ಲಿ. ಮಾನಿಟರ್‌ಗೆ ಅಂಟಿಸಿದ ಹಳದಿ ಚೀಟಿಗೆ ಅದು ಸರಿ. ನಿಮ್ಮ ಮನೆ ಬೀರುವಿನಲ್ಲಿ ಆಸ್ತಿ ಪತ್ರದ ಜೊತೆ ಇರುವ ಲಕೋಟೆಯನ್ನು ಇನ್ನೊಂದು ದೇಶದ ಹ್ಯಾಕರ್ ಬಂದು ತೆಗೆಯುವುದಿಲ್ಲ. ಹೆಂಡತಿಗೋ ಗಂಡನಿಗೋ ಆ ಲಕೋಟೆ ಇದೆ ಅಂತ ಗೊತ್ತಿರಲಿ. ವಿಮೆ, ಫಂಡ್, ಬ್ಯಾಂಕ್, ಎಲ್ಲದರ ಜಾಡು ಈಗ ಮೇಲ್‌ನಲ್ಲೇ ಇರುತ್ತದೆ. ನೀವು ಹೋದ ಮೇಲೆ ಮಕ್ಕಳು ಎನ್‌ಕ್ರಿಪ್ಟ್ ಆದ ಡಿಸ್ಕ್ ಹಿಡಿದುಕೊಂಡು ಅಂಗಡಿ ಅಂಗಡಿ ಅಲೆಯುವುದು ಬೇಡ.

ಕಾಗದವೇ ಕಳೆದುಹೋದರೆ? ಅದೂ ಆಗಿದೆ. ಸ್ಟೀಫನ್ ಥಾಮಸ್ ಅನ್ನುವ ಪ್ರೋಗ್ರಾಮರ್ 7,002 ಬಿಟ್‌ಕಾಯಿನ್‌ಗಳ ಕೀಲಿಯನ್ನು ಐರನ್‌ಕೀ ಅನ್ನುವ ಎನ್‌ಕ್ರಿಪ್ಟ್ ಆದ ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದರು. ಪಾಸ್‌ವರ್ಡ್ ಬರೆದ ಚೀಟಿ ಕಳೆಯಿತು. ಆ ಡ್ರೈವ್ 10 ಸಲ ತಪ್ಪಿದರೆ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. 2021ರಲ್ಲಿ ಸುದ್ದಿ ಹೊರಬಂದಾಗ 8 ಪ್ರಯತ್ನ ಮುಗಿದಿದ್ದವು. ಆದ್ದರಿಂದ ಒಂದೇ ಚೀಟಿ ಸಾಲದು, ಎರಡು ಬೇರೆ ಮನೆಗಳಲ್ಲಿ ಇರಲಿ.

ನಾವು ಮರೆಯುವುದು ಯಾಕೆ? ವಯಸ್ಸಾಯಿತು ಅಂತ ಸುಮ್ನೆ ಹೇಳುತ್ತೇವೆ. ನಿಜವಾದ ಕಾರಣ, ನಾವು ಅದನ್ನು ಟೈಪ್ ಮಾಡುವುದೇ ಇಲ್ಲ. ಬೆರಳಚ್ಚು ಇದೆ, ಬ್ರೌಸರ್ ನೆನಪಿಟ್ಟುಕೊಂಡಿದೆ. ಆಂಡ್ರಾಯ್ಡ್ ಫೋನ್ ಬೆರಳು ಒತ್ತಿದರೂ ಒಪ್ಪದೆ ಆಗಾಗ ಪಿನ್ ಕೇಳುತ್ತದಲ್ಲ, ಅದರಿಂದ ಒಂದು ಉಪಕಾರವಂತೂ ಇದೆ: ಪಿನ್ ನಮಗೆ ಮರೆಯುವುದಿಲ್ಲ. ಡಿಸ್ಕ್ ಪಾಸ್‌ವರ್ಡ್ ಕೂಡ ತಿಂಗಳಿಗೊಮ್ಮೆಯಾದರೂ ಕೈಯಾರೆ ಟೈಪ್ ಮಾಡಿ.

ಇನ್ನು ಯಾವ ಪಾಸ್‌ವರ್ಡ್ ಇಡಬೇಕು? ಡೈಸ್‌ವೇರ್ ಅಂತ ಒಂದು ಪದ್ಧತಿ ಇದೆ, ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಕೊಟ್ಟಿದ್ದು. 7,776 ಪದಗಳ ಪಟ್ಟಿ. ದಾಳವನ್ನು 5 ಸಲ ಉರುಳಿಸಿದರೆ ಒಂದು ಪದ. ಹಾಗೆ 6 ಪದ ಆರಿಸಿದರೆ ಸಾಧ್ಯತೆಗಳ ಸಂಖ್ಯೆ 2ರ ಮುಂದೆ 23 ಸೊನ್ನೆಗಳಷ್ಟಾಗುತ್ತದೆ. ಬಾಯಿಪಾಠ ಇರುವ ವಚನದ ಸಾಲನ್ನು ಮಾತ್ರ ಇಡಬೇಡಿ. ಅದು ನಿಮಗೊಬ್ಬರಿಗೇ ಬಾಯಿಪಾಠ ಇರುವುದಲ್ಲ.

ಕನ್ನಡದಲ್ಲೇ ಇಡಬಹುದಾ ಅಂತ ಖಂಡಿತ ಕೇಳುತ್ತೀರಿ. ಆಸೆ ನನಗೂ ಇದೆ, ಆದರೆ ಎರಡು ತೊಡಕು. ಕಂಪ್ಯೂಟರ್ ಶುರುವಾಗುವ ಮೊದಲ ಪರದೆಯಲ್ಲಿ ಕನ್ನಡ ಕೀಬೋರ್ಡ್ ಸಿಗುವುದಿಲ್ಲ. ಎರಡನೆಯದು, ‘ಕೊ’ ಅನ್ನುವುದನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒತ್ವವನ್ನು ಒಂದೇ ಸಂಕೇತವಾಗಿ ಹಾಕಬಹುದು, ಎತ್ವ ಮತ್ತು ಊತ್ವ ಸೇರಿಸಿಯೂ ಹಾಕಬಹುದು. ಕಣ್ಣಿಗೆ ಒಂದೇ ‘ಕೊ’. ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದ ಪ್ರೋಗ್ರಾಮ್‌ಗೆ ಅವು ಎರಡು ಬೇರೆ ಪಾಸ್‌ವರ್ಡ್. ಕೀಬೋರ್ಡ್ ಬದಲಾದ ದಿನ ನೆನಪಿದ್ದ ಪಾಸ್‌ವರ್ಡೂ ಕೈಕೊಡಬಹುದು. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಆದರೆ ‘ಊರು’ ಬರೆಯುವಾಗ ಶುರುವಿನಲ್ಲಿ ಎರಡು ‘ಓ’ ಹಾಕಿದಿರಾ, ಒಂದು ‘ಯು’ ಹಾಕಿದಿರಾ ಅನ್ನುವುದು ಚೀಟಿಯಲ್ಲಿ ಹಾಗೇ ಇರಲಿ.

ಈಗಾಗಲೇ ಮರೆತು ಕೂತಿರುವವರಿಗೆ ಎರಡು ಮಾತು. ಮೊದಲನೆಯದು, ಫೈಲ್ ಅಳಿಸಬೇಡಿ, ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ. ಒಂದು ಕಾಪಿ ತೆಗೆದಿಟ್ಟು ಕಾಪಿಯ ಮೇಲೆ ಕೆಲಸ ಮಾಡಿ. ಎರಡನೆಯದು, ನೆನಪಿರುವ ಚೂರುಗಳನ್ನೆಲ್ಲ ಬರೆಯಿರಿ: ಆಗ ಯಾವ ಕೀಬೋರ್ಡ್ ಇತ್ತು, ಕೊನೆಗೆ ಅಂಕಿ ಹಾಕುವ ಅಭ್ಯಾಸ ಇತ್ತಾ, ಮೊದಲ ಅಕ್ಷರ ದೊಡ್ಡದಾ. ಜಾನ್ ದಿ ರಿಪ್ಪರ್ ಅನ್ನುವ ಉಚಿತ ಪ್ರೋಗ್ರಾಮ್ ಆ ಚೂರುಗಳನ್ನು ನಾನಾ ರೀತಿ ಜೋಡಿಸಿ ಪ್ರಯತ್ನಿಸುತ್ತದೆ, ಪಿಜಿಪಿ ಕೀಲಿಗೂ ಆಗುತ್ತದೆ. ಅರ್ಧಕ್ಕಿಂತ ಜಾಸ್ತಿ ನೆನಪಿದ್ದರೆ ಆಸೆ ಇಟ್ಟುಕೊಳ್ಳಬಹುದು. ಏನೂ ನೆನಪಿಲ್ಲ, ಪಾಸ್‌ವರ್ಡ್ ಗಟ್ಟಿಯಾಗಿತ್ತು ಅಂದರೆ ದುಡ್ಡು ಕೇಳುವ ಯಾರನ್ನೂ ನಂಬಬೇಡಿ.

ಪ್ರಶ್ನೆ ಇದ್ದವರು ಮೈಕ್ ತೆಗೆದುಕೊಳ್ಳಿ. ನಿಮ್ಮ ಪಾಸ್‌ವರ್ಡ್ ಹೇಳಿ ‘ಇದು ಗಟ್ಟಿ ಇದೆಯಾ ಸರ್’ ಅಂತ ಮಾತ್ರ ಕೇಳಬೇಡಿ.