ವೀಸಾ ಬೇರೆ, ಲೈಸೆನ್ಸ್ ಬೇರೆ
(ಹಾಸನದಲ್ಲಿ ಫಾರ್ಮಸಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: 'ಬಿ.ಫಾರ್ಮ ಆಗಿದೆ, ಫಾರಿನ್‌ನಲ್ಲಿ ಕೆಲಸ ಸಿಗುತ್ತಾ?' ಏನೋ ಒಂದು ಕೆಲಸ ಸಿಗುತ್ತದೆ. ಫಾರ್ಮಸಿಸ್ಟ್ ಕೆಲಸ ಹೋದ ಕೂಡಲೇ ಸಿಗುವುದಿಲ್ಲ, ಅದಕ್ಕೆ ಆ ದೇಶದ ಲೈಸೆನ್ಸ್ ಬೇಕು. ವೀಸಾ ಬೇರೆ, ಲೈಸೆನ್ಸ್ ಬೇರೆ. ನನ್ನ ಏಜೆಂಟ್ ಎಲ್ಲ ಹೇಳಿದ್ದ, ಇದೊಂದನ್ನು ಬಿಟ್ಟು.

ನೀವು ಎಷ್ಟು ವರ್ಷ ಓದಿದ್ದೀರಿ ಎನ್ನುವುದನ್ನು ಮೊದಲು ನೋಡುತ್ತಾರೆ. 2003ರ ಜನವರಿ 1ರಿಂದ ಈಚೆಗೆ ಡಿಗ್ರಿ ಪಡೆದವರಾದರೆ ಅಮೆರಿಕಕ್ಕೆ ಕನಿಷ್ಠ ಐದು ವರ್ಷದ ಫಾರ್ಮಸಿ ಓದು ಬೇಕು. ನಮ್ಮ ಬಿ.ಫಾರ್ಮ ನಾಲ್ಕೇ ವರ್ಷ. ಆರು ವರ್ಷದ ಫಾರ್ಮ್.ಡಿ ಮಾಡಿದವರು ಹೊರದೇಶದಲ್ಲಿ ಓದಿದವರಿಗಿರುವ ಎಫ್‌ಪಿಜಿಇಇ ಪರೀಕ್ಷೆ ಬರೆದು, ಇಂಟರ್ನ್ ಆಗಿ ಕೆಲಸ ಮಾಡಿ, ನ್ಯಾಪ್ಲೆಕ್ಸ್ ಎನ್ನುವ ಲೈಸೆನ್ಸ್ ಪರೀಕ್ಷೆ ಪಾಸು ಮಾಡಬೇಕು. ಬ್ರಿಟನ್‌ನಲ್ಲಿ ಹೊರದೇಶದ ಫಾರ್ಮಸಿಸ್ಟ್‌ಗಳಿಗೆಂದೇ ಇರುವ ಓಸ್‌ಪ್ಯಾಪ್ ಎನ್ನುವ ಒಂದು ವರ್ಷದ ಕೋರ್ಸು, ಆಮೇಲೆ 52 ವಾರ ತರಬೇತಿ, ಮತ್ತೆ ರಿಜಿಸ್ಟ್ರೇಷನ್ ಪರೀಕ್ಷೆ. ಕೆನಡಾ ನಾಲ್ಕು ವರ್ಷದ ಡಿಗ್ರಿಯನ್ನು ಒಪ್ಪುತ್ತದೆ. ನಾನು ಅಲ್ಲಿಗೇ ಹೋದೆ. ಡಿ.ಫಾರ್ಮ ಡಿಪ್ಲೊಮಾ ಒಂದರ ಮೇಲೆ ಇವ್ಯಾವುದೂ ನಡೆಯುವುದಿಲ್ಲ, ಬೇಜಾರಾಗಬೇಡಿ, ಈಗಲೇ ತಿಳಿದಿರುವುದು ಒಳ್ಳೆಯದು.

ಕೆನಡಾದಲ್ಲಿ ಪರೀಕ್ಷೆ ನಡೆಸುವುದು ಪಿಇಬಿಸಿ ಎನ್ನುವ ಫಾರ್ಮಸಿ ಪರೀಕ್ಷಾ ಮಂಡಳಿ. ಮೊದಲು ಕಾಗದಪತ್ರ ನೋಡುತ್ತಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಅದೇ. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಎರಡನ್ನೂ ಬಿಡಿಸಿ ಬರೆದಿದ್ದಾರೆ. ಇಬ್ಬರೂ ಒಬ್ಬರೇ ಎಂದು ತೋರಿಸಲು ಅಫಿಡವಿಟ್ ಮಾಡಿಸಬೇಕಾಯಿತು. ನಮ್ಮ ಅರಕಲಗೂಡು ಕಡೆಯವರಿಗೆ ಸರ್‌ನೇಮ್ ಎಲ್ಲಿಂದ ತರೋದು, ಅಲ್ವಾ? ಸ್ಟೇಟ್ ಫಾರ್ಮಸಿ ಕೌನ್ಸಿಲ್ ರಿಜಿಸ್ಟ್ರೇಷನ್ ರಿನ್ಯೂವಲ್ ಮಾಡಿಸಿಟ್ಟುಕೊಳ್ಳಿ. ಹೆಸರಿನ ಅಕ್ಷರಗಳನ್ನು ಇವತ್ತೇ ಹೋಲಿಸಿ ನೋಡಿ.

ಕಾಗದ ಒಪ್ಪಿದರೆ ಇವ್ಯಾಲ್ಯುಯೇಟಿಂಗ್ ಪರೀಕ್ಷೆ, ನಮ್ಮ ಓದು ಅಲ್ಲಿಯ ಮಟ್ಟಕ್ಕಿದೆಯೇ ಎಂದು ನೋಡುವುದಕ್ಕೆ. ಅದಾದ ಮೇಲೆ ಕ್ವಾಲಿಫೈಯಿಂಗ್, ಅದು ಎರಡು ಭಾಗ. ಮೊದಲ ಭಾಗ ಬಹು ಆಯ್ಕೆ ಪ್ರಶ್ನೆ. ಓದಿದರೆ ಆಗುತ್ತದೆ. ಪ್ಯಾರಾಸಿಟಮಾಲ್ ಅಲ್ಲಿ ಅಸೆಟಾಮಿನೋಫೆನ್, ಅಡ್ರಿನಲಿನ್ ಎಪಿನೆಫ್ರಿನ್. ಹೆಸರು ಹೊಸದು, ಔಷಧಿ ಹಳೆಯದೇ.

ಎರಡನೆಯ ಭಾಗ ಆಸ್ಕಿ ಎನ್ನುವ ಪ್ರಾಯೋಗಿಕ ಪರೀಕ್ಷೆ. ಕೋಣೆಯಿಂದ ಕೋಣೆಗೆ ಹೋಗಬೇಕು. ಒಳಗೆ ರೋಗಿಯ ಪಾತ್ರ ಮಾಡುವ ಒಬ್ಬರು ಕೂತಿರುತ್ತಾರೆ. ಕೆಲವೇ ನಿಮಿಷದಲ್ಲಿ ಅವರಿಂದ ವಿಷಯ ತಿಳಿದುಕೊಂಡು, ಔಷಧಿ ಸರಿಯಿದೆಯೇ ನೋಡಿ, ಅರ್ಥವಾಗುವಂತೆ ಹೇಳಬೇಕು. ನಾನು ಎಡವಿದ್ದು ಇಲ್ಲೇ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್‌ನಲ್ಲಿ ಎರಡು ವರ್ಷ ನಿಂತವನು ನಾನು. 'ಡೋಲೋ ನಾಲ್ಕು ಕೊಡಿ' ಅಂದರೆ ಸ್ಟ್ರಿಪ್ ಕತ್ತರಿಸಿ ಕೊಡುವುದು, ಚಿಲ್ಲರೆ ಎಣಿಸುವುದು. 'ಯಾರಿಗೆ? ಲಿವರ್ ತೊಂದರೆ ಇದೆಯಾ? ಬೇರೆ ಏನು ತಗೊಳ್ತಿದ್ದೀರಿ?' ಎಂದು ಒಬ್ಬರನ್ನೂ ಕೇಳಿರಲಿಲ್ಲ. ಮೊದಲ ಸಲ ಆಸ್ಕಿಯಲ್ಲಿ ಫೇಲಾದೆ. ಔಷಧಿಯ ಹೆಸರು ತಪ್ಪಿರಲಿಲ್ಲ, ಅಲರ್ಜಿ ಕೇಳುವುದನ್ನೇ ಮರೆತಿದ್ದೆ.

ಅದು ಪಾಸಾದರೂ ಆಯಾ ಪ್ರಾಂತ್ಯದ ತರಬೇತಿ, ಕಾನೂನು ಪರೀಕ್ಷೆ ಉಳಿದಿರುತ್ತವೆ. ಅಲ್ಲಿಯವರೆಗೆ ನಾನು ಅಸಿಸ್ಟೆಂಟ್ ಆಗಿ ಡಬ್ಬಿ ಜೋಡಿಸಿದೆ.

ಎರಡನೇ ಸಲಕ್ಕೆ ಮುಂಚೆ ರಜಕ್ಕೆ ಬಂದಾಗ ಅದೇ ಮೆಡಿಕಲ್‌ನಲ್ಲಿ ಹದಿನೈದು ದಿನ ನಿಂತು ಅಭ್ಯಾಸ ಮಾಡಿದೆ. ಒಬ್ಬ ಅಜ್ಜಿ ಬಿಪಿ ಮಾತ್ರೆಗೆ ಬಂದರು. ಒಂದೊಂದೇ ಕೇಳುತ್ತಾ ಹೋದೆ. ಮೂರನೇ ಪ್ರಶ್ನೆಗೆ ಅಜ್ಜಿ ಹೇಳಿದ್ದು: 'ಸುಮ್ನೆ ಮಾತ್ರೆ ಕೊಡಪ್ಪ, ಬೇಲೂರು ಬಸ್ಸು ಹೊರಡ್ತದೆ.'