ಮಳಿಗೆಯಲ್ಲಿದ್ದೂ ಸಿಗದ ಪುಸ್ತಕ

ಆತ್ಮೀಯ ಕೇಳುಗರೆ, ನಮಸ್ಕಾರ.

82ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ರಾಯಚೂರಿನಲ್ಲಿ ನಡೆದದ್ದು 2016ರ ಡಿಸೆಂಬರಿನಲ್ಲಿ. ಅದೇ ತಿಂಗಳು ಕಿಂಡಲ್ ಇ-ಪುಸ್ತಕ ಮಳಿಗೆಯು ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಭಾಷೆಗಳಿಗೆ ಬಾಗಿಲು ತೆರೆಯಿತು. ಆ ಐದರಲ್ಲಿ ಕನ್ನಡ ಇರಲಿಲ್ಲ. ಆ ನೋವು ನನಗೆ ಇನ್ನೂ ಆರಿಲ್ಲ. ಇಂದು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಮೊದಲಾದ ಕಡೆ ಕನ್ನಡದ ಇ-ಪುಸ್ತಕಗಳು ದೊರೆಯುತ್ತವೆ. ಅಚ್ಚಿನ ಪುಸ್ತಕವನ್ನು ಮನೆಗೆ ಕಳುಹಿಸುವ ಆನ್‌ಲೈನ್ ಮಳಿಗೆಗಳೂ ಹಲವಿವೆ. ಆದರೂ ಸ್ವಂತ ಖರ್ಚಿನಲ್ಲಿ ಪುಸ್ತಕ ತಂದ ನಮ್ಮ ಸೀಮೆಯ ಲೇಖಕರಿಂದ ನಾನು ಮತ್ತೆ ಮತ್ತೆ ಕೇಳುವ ಅಳಲೆಂದರೆ, ಪುಸ್ತಕ ಮಳಿಗೆಯಲ್ಲಿದ್ದರೂ ಹುಡುಕಿದವರಿಗೆ ಸಿಗುತ್ತಿಲ್ಲ ಎಂಬುದು.

ಸಿಂಧನೂರಿನ ನನ್ನ ಗೆಳೆಯರೊಬ್ಬರ ಕಥಾಸಂಕಲನಕ್ಕೆ ಆದದ್ದೂ ಇದೇ. ಅದರ ಹೆಸರಿನಲ್ಲಿ ‘ತುಂಗಭದ್ರೆ’ ಎಂಬ ಪದವಿತ್ತು, ಮಳಿಗೆಯ ಪುಟದಲ್ಲಿ ಅವರು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಬರೆದಿದ್ದರು. ಮೊದಲ ‘ತ’ಕಾರಕ್ಕೆ ನಮ್ಮಲ್ಲಿ ಕೆಲವರು ‘ಟಿ’ ಒಂದನ್ನೇ ಬರೆದರೆ, ಕೆಲವರು ಅದರ ಮುಂದೆ ‘ಎಚ್’ ಸೇರಿಸುತ್ತಾರೆ; ಕನ್ನಡದಲ್ಲಿಯೇ ಟೈಪ್ ಮಾಡಿದವರಿಗಂತೂ ಪುಸ್ತಕ ಸಿಗುತ್ತಲೇ ಇರಲಿಲ್ಲ. ಅದೂ ಸಾಲದೆಂಬಂತೆ, ಪರಿಚಯದ ಸಾಲುಗಳನ್ನು ಅಚ್ಚಿಗೆಂದು ಪುಟ ಜೋಡಿಸಿದ ಡಿಟಿಪಿ ಕಡತದಿಂದ ನಕಲು ಮಾಡಿ ಹಾಕಿದ್ದರಿಂದ, ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್ ಸಂಕೇತದಲ್ಲಿಲ್ಲದ ಆ ಫಾಂಟಿನ ಅಕ್ಷರಗಳು ಪುಟದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದವು. ವರ್ಷಗಟ್ಟಲೆ ತಿದ್ದಿ ತೀಡಿದ ಕಥೆಗಳಿಗೆ ಹೀಗಾದುದನ್ನು ಕಂಡು ನನಗೆ ಸಂಕಟವಾಯಿತು.

ಹಿಂದೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗರ ಎದುರು ನಿಂತು ಪುಸ್ತಕದ ವಿಷಯ ಹೇಳಲು ಅವರೇ ಇದ್ದರು. ಆನ್‌ಲೈನ್ ಮಳಿಗೆಯಲ್ಲಿ ಆ ಮಾತನ್ನು ಆಡಬೇಕಾದವು ಪುಸ್ತಕದ ಹೆಸರು, ವಿಭಾಗ, ಹುಡುಕುವ ಪದಗಳು ಮತ್ತು ನಾಲ್ಕಾರು ಸಾಲಿನ ಪರಿಚಯ. ಆದ್ದರಿಂದ ಅವನ್ನೂ ಪುಸ್ತಕದ ಒಂದು ಅಧ್ಯಾಯವೆಂದೇ ತಿಳಿದು ಬರೆಯಬೇಕು. ‘ಕಥೆಗಳು’ ಎಂಬ ಒಂದೇ ಪದದಡಿ ಅಸಂಖ್ಯ ಪುಸ್ತಕಗಳಿರುತ್ತವೆ. ‘ತುಂಗಭದ್ರಾ ಎಡದಂಡೆ ಕಾಲುವೆಯ ರೈತರ ಕಥೆಗಳು’ ಎಂದು ಬರೆದರೆ, ಸಿಂಧನೂರು, ಮಾನ್ವಿ, ಗಂಗಾವತಿಯ ಬದುಕನ್ನು ಅರಸುವವರಿಗೆ ದಾರಿ ಸಿಗುತ್ತದೆ.

ಇದರಿಂದಲೇ ಎಲ್ಲವೂ ಸರಿಹೋಗದು. ಹೆಚ್ಚು ಮಾರಾಟವಾದುದನ್ನೇ ಮುಂದೆ ತೋರಿಸುವುದು ಮಳಿಗೆಗಳ ರೂಢಿಯಾಗಿರುವುದರಿಂದ, ಕಾಣದ ಪುಸ್ತಕ ಮಾರಾಟವಾಗುವುದಿಲ್ಲ, ಮಾರಾಟವಾಗದ್ದು ಕಾಣುವುದಿಲ್ಲ. ಈ ಸುತ್ತಿನಿಂದ ಲೇಖಕರನ್ನು ಹೊರತರುವ ಶಕ್ತಿ ಮೊದಲ ಕೆಲವು ಓದುಗರಿಗಿದೆ. ಪುಸ್ತಕ ಬಿಡುಗಡೆಯ ಸಮಾರಂಭದಲ್ಲಿ ಪ್ರತಿ ಕೊಂಡು ಮನೆಗೆ ಹೋದವರು, ಓದಿದ ಬಳಿಕ ಅವಕಾಶವಿರುವ ಮಳಿಗೆಯ ಪುಟದಲ್ಲಿ ನಾಲ್ಕು ಸಾಲು ಬರೆಯಿರಿ. ಹೊಗಳಿಕೆಯೇ ಆಗಬೇಕೆಂದಿಲ್ಲ, ಯಾವ ಕಥೆ ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂಬುದನ್ನು, ದಯವಿಟ್ಟು, ಕನ್ನಡ ಅಕ್ಷರಗಳಲ್ಲಿಯೇ ಬರೆಯಿರಿ.

ನಮಸ್ಕಾರ.