ನಾಲ್ಕನೇ ಜ್ವರ

ಕೇಳುಗರಿಗೆ ನಮಸ್ಕಾರ.

ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ಹುಳುವಿಗೆ ಜ್ವರ ಅಂದರೆ ನಮ್ಮ ಕಡೆ ಯಾರೂ ಗಾಬರಿಯಾಗುವುದಿಲ್ಲ. ಪೊರೆ ಬಿಡುವ ಮುನ್ನ ಹುಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೇ ನಾವು ಜ್ವರ ಅನ್ನುವುದು. ಗೂಡು ಕಟ್ಟುವುದರೊಳಗೆ ಇಂಥ ನಾಲ್ಕು ಜ್ವರ. ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ. ಎದ್ದ ಮೇಲೆ ಮೊದಲಿಗಿಂತ ಜೋರಾಗಿ ತಿನ್ನುತ್ತದೆ. ವರ್ಷಗಟ್ಟಲೆ ಇದನ್ನೇ ನೋಡಿದವನಿಗೆ ಜ್ವರ ಅಂದರೆ ತಾನಾಗಿ ಬಿಡುವಂಥದ್ದು. ಮಗಳಿಗೆ ಬಂದಾಗಲೂ ಹಾಗೇ ಅಂದುಕೊಂಡೆ.

ಆರು ವರ್ಷದ ಮಗು. ಜ್ವರ ಬರುತ್ತಿತ್ತು, ಹೋಗುತ್ತಿತ್ತು. ಮೊಣಕಾಲ ಕೆಳಗೆ ನೀಲಿ ಕಲೆಗಳು. ಎಲ್ಲಿ ಬಿದ್ದೆ ಅಂದರೆ ಬಿದ್ದೇ ಇಲ್ಲ ಅನ್ನೋಳು. ರಾತ್ರಿ ಕಾಲು ನೋವು ಅಂತ ಅಳುವಾಗ, ಬೆಳೆಯೋ ಮಕ್ಕಳಿಗೆ ಬರುತ್ತೆ ಬಿಡು ಅಂತ ಅವರಜ್ಜಿ ಎಣ್ಣೆ ತಿಕ್ಕೋರು. ಮುಖ ಬಿಳಿಚಿಕೊಂಡಾಗ ದೃಷ್ಟಿ ತೆಗೆದೆವು. ರಕ್ತ ಪರೀಕ್ಷೆ ಮಾಡಿಸುವ ಹೊತ್ತಿಗೆ ಎರಡು ಬೆಳೆ ಮುಗಿದಿದ್ದವು. ಈ ಲಕ್ಷಣಗಳನ್ನು ಬಿಡಿಸಿ ಹೇಳಿದ್ದು ಸುಮ್ಮನೆ ಅಲ್ಲ. ನಿಮ್ಮ ಮನೆಯಲ್ಲಿ ಇಂಥ ಮಗು ಇದ್ದರೆ ಈ ಭಾಷಣ ಪೂರ್ತಿ ಕೇಳದಿದ್ದರೂ ಪರವಾಗಿಲ್ಲ, ರಕ್ತ ಪರೀಕ್ಷೆಗೆ ಹೊರಡಿ.

ಬೆಂಗಳೂರಿನಲ್ಲಿ ಲುಕೇಮಿಯಾ ಅಂದರು. ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚಂತೆ. ನಾನು ಕೂತಲ್ಲೇ ಕುಸಿದೆ. ಡಾಕ್ಟರಮ್ಮ ಗದರಿಸಿದರು: "ಇದು ವಾಸಿಯಾಗೋ ಕಾಯಿಲೆ ರೀ, ಏಳಿ."

ಅವರು ಹೇಳಿದ್ದು ನಿಜ. 1948ಕ್ಕೆ ಮುಂಚೆ ಈ ಕಾಯಿಲೆಗೆ ಮದ್ದೇ ಇರಲಿಲ್ಲ. ಆ ವರ್ಷ ಅಮೆರಿಕದ ಬೋಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು, 16 ಮಕ್ಕಳಿಗೆ ಒಂದು ಔಷಧ ಕೊಟ್ಟು 10 ಮಕ್ಕಳಲ್ಲಿ ಕಾಯಿಲೆ ಸ್ವಲ್ಪ ಕಾಲವಾದರೂ ಹಿಂದೆ ಸರಿದದ್ದನ್ನು ವರದಿ ಮಾಡಿದರು. ಆ ಔಷಧ ಬಂದದ್ದು ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ. ನನ್ನ ಮಗಳ ನರಕ್ಕೆ ಏರಿಸಿದ ಮದ್ದುಗಳಲ್ಲಿ ಒಂದು ವಿನ್‌ಕ್ರಿಸ್ಟಿನ್. ಅದು ನಮ್ಮ ಹಿತ್ತಲಲ್ಲಿ ಯಾರೂ ನೀರು ಹಾಕದೆ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ತೆಗೆದದ್ದು. ಒಂದು ಗ್ರಾಂ ಮದ್ದಿಗೆ ನೂರಾರು ಕಿಲೋ ಒಣಗಿದ ಎಲೆ ಬೇಕಂತೆ. ಸೊಪ್ಪಿನ ಲೆಕ್ಕ ನನಗೆ ಅರ್ಥವಾಗುತ್ತದೆ. ಆ ಒಂದು ಸಣ್ಣ ಸೀಸೆಯನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತಿದ್ದೆ.

ಚಿಕಿತ್ಸೆ ಎರಡು ಮೂರು ವರ್ಷದ್ದು. ಮೊದಲ ತಿಂಗಳುಗಳು ಕಷ್ಟ. ಆಮೇಲೆ ಮೇಂಟೆನೆನ್ಸ್ ಅನ್ನುತ್ತಾರೆ: ಮನೆಯಲ್ಲೇ ಮಾತ್ರೆ, ಆಗಾಗ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ. ನಾವು ಎಡವಿದ್ದು ಅಲ್ಲಿ. ಉದುರಿದ ಕೂದಲು ಮತ್ತೆ ಬಂದಿತ್ತು, ಎರಡು ಜಡೆ ಹಾಕಿಸಿಕೊಂಡು ಶಾಲೆಗೆ ಹೋಗುತ್ತಿದ್ದಳು. ಆಸ್ಪತ್ರೆಯ ದಿನ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಆ ವಾರ ಸೊಪ್ಪು ಹಾಕುವುದಕ್ಕೆ ಮನೆಮಂದಿಯೆಲ್ಲ ಸಾಲದು. ಗೂಡು ಮಾರಿ ಹೋದರಾಯಿತು ಅಂದುಕೊಂಡೆವು. ಮಾರುಕಟ್ಟೆಯಲ್ಲಿ ರೇಟು ಬಿದ್ದಿತ್ತು. ಮುಂದಿನ ಬೆಳೆಗಾಗಲಿ ಅಂದೆವು. ಅಷ್ಟರಲ್ಲಿ ಮಾತ್ರೆ ಮುಗಿದಿತ್ತು. ಮಗು ಆಡಿಕೊಂಡಿತ್ತು.

ಆಸ್ಪತ್ರೆಯವರು ಫೋನ್ ಮಾಡಿದ್ದರಂತೆ. ನಾವು ಬರೆಸಿದ್ದು ನನ್ನ ಭಾವಮೈದುನನ ನಂಬರು, ಅವನು ಸಿಮ್ ಬದಲಾಯಿಸಿದ್ದ.

ಕಾಯಿಲೆ ತಿರುಗಿ ಬಂತು. ಮಾತ್ರೆ ತಪ್ಪಿಸದಿದ್ದರೂ ಬರಬಹುದಿತ್ತು, ಹೀಗೇ ಅಂತ ಹೇಳೋಕಾಗಲ್ಲ ಅಂದರು ಡಾಕ್ಟರಮ್ಮ. ಸಮಾಧಾನಕ್ಕೆ ಅಂದರೋ ನಿಜವನ್ನೇ ಅಂದರೋ, ನಾನು ಮತ್ತೆ ಕೇಳಲಿಲ್ಲ.

ಮಗಳು ಹೋಗಿ ವರ್ಷ ತುಂಬುವಾಗ ನಂಟರು ಸೇರಿದರು. ಒಬ್ಬರು ಅನ್ನದಾನ ಅಂದರು, ಇನ್ನೊಬ್ಬರು ದೇವಸ್ಥಾನಕ್ಕೆ ಗಂಟೆ, ಅದರ ಮೇಲೆ ಮಗುವಿನ ಹೆಸರು. ನಮ್ಮ ಮನೆಯವರು ಒಂದೇ ಮಾತಂದರು: "ಗಂಟೆ ಹೊಡೆದರೆ ಯಾರು ಬರ್ತಾರೆ, ಫೋನ್ ಹೊಡೆದರೆ ಬರ್ತಾರೆ." ಕೋಪದಲ್ಲಿ ಆಡಿದ ಮಾತು. ನಾನು ಅದನ್ನು ಡಾಕ್ಟರಮ್ಮನಿಗೆ ಹೇಳಿದೆ. ಅವರು ನಗಲಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಹೋಗುವುದೇ ಒಂದು ದೊಡ್ಡ ರೋಗ, ಅದನ್ನೂ ರೋಗದ ಹಾಗೇ ಹುಡುಕಬೇಕು, ಅದೂ ಸಂಶೋಧನೆಯೇ ಅಂದರು. ಸಂಶೋಧನೆ ಅಂದರೆ ಗಾಜಿನ ಕೊಳವೆ, ಬಿಳಿ ಇಲಿ ಅಂತ ನಾನು ತಿಳಿದಿದ್ದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ, ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ, ಎಷ್ಟೋ ಬಡ ದೇಶಗಳಲ್ಲಿ 30 ಕೂಡ ದಾಟುವುದಿಲ್ಲ. ಮದ್ದಿನ ಹೆಸರು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ನಡುವೆ ಇರುವುದು ತಡವಾಗಿ ಗೊತ್ತಾಗುವುದು, ಮದ್ದು ಕೈಗೆ ಸಿಗದಿರುವುದು, ಬಸ್ಸಿನ ದುಡ್ಡು, ಉಳಿಯುವ ಜಾಗ, ತಪ್ಪಿದ ತಾರೀಖು.

ದುಃಖದ ದುಡ್ಡನ್ನು ಈ ಕಾಯಿಲೆಗೆ ಕೊಟ್ಟವರಲ್ಲಿ ನಾವು ಮೊದಲಿಗರಲ್ಲ. ಮೆಹರ್‌ಬಾಯಿ ಟಾಟಾ ಎಂಬ ಹೆಣ್ಣುಮಗಳು, ನಮ್ಮ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಭಾಭಾ ಅವರ ಮಗಳು, 1931ರಲ್ಲಿ ಲುಕೇಮಿಯಾದಿಂದ ತೀರಿಕೊಂಡರು. ಪತಿ ದೊರಾಬ್‌ಜಿ ಟಾಟಾ ಮರುವರ್ಷವೇ ಈ ಕಾಯಿಲೆಯ ಸಂಶೋಧನೆಗೆಂದು ಆಕೆಯ ಹೆಸರಿನಲ್ಲಿ ಟ್ರಸ್ಟ್ ಮಾಡಿದರು. ಅವರೆಲ್ಲಿ, ನೂರು ಚಿಟ್ಟೆಯ ಮೊಟ್ಟೆ ತಂದು ಹುಳು ಮೇಯಿಸುವ ನಾನೆಲ್ಲಿ. ಆದರೂ ಕೇಳಿದಾಗ ಒಂಟಿತನ ಸ್ವಲ್ಪ ಕಡಿಮೆಯಾಯಿತು.

ನಮಗೆ ವರ್ಷಕ್ಕೆ ಆರು ಬೆಳೆ. ಒಂದು ಬೆಳೆಯಲ್ಲಿ ಖರ್ಚು ಕಳೆದು ಉಳಿದದ್ದು ಮಗಳಿಗೆ ಚಿಕಿತ್ಸೆ ಕೊಟ್ಟ ಆ ವಾರ್ಡಿಗೆ. ಗೂಡು ಕೊಳ್ಳುವ ರೀಲರ್ ಸಾಹೇಬರೊಬ್ಬರು, ಕೇಳದೆಯೇ, ತಾವೂ ಸೇರಿಸುತ್ತಿದ್ದಾರೆ. ಅದರಲ್ಲಿ ಒಬ್ಬ ಹುಡುಗಿಗೆ ಅರ್ಧ ಸಂಬಳ ಬರುತ್ತದೆ. ಮಗು ಸೇರಿದ ದಿನವೇ ಆಕೆ ಮೂರು ನಂಬರು ಬರೆದುಕೊಳ್ಳುತ್ತಾಳೆ: ಮನೆಯದು, ಪಕ್ಕದ ಮನೆಯದು, ಊರಿನ ಆಶಾ ಕಾರ್ಯಕರ್ತೆಯದು. ತಾರೀಖಿಗೆ ಎರಡು ದಿನ ಮುಂಚೆ ಫೋನ್. ಬರದಿದ್ದರೆ ಮತ್ತೆ ಫೋನ್, ಬೈಯುವುದಿಲ್ಲ, ಯಾಕೆ ಬರಲಿಲ್ಲ ಅಂತ ಕೇಳಿ ಕಾರಣ ಬರೆದಿಡುತ್ತಾಳೆ. ಆ ಕಾರಣಗಳ ಮೇಲೆಯೇ ಡಾಕ್ಟರಮ್ಮನ ಕೆಲಸ. ಪುಸ್ತಕ ನನಗೆ ತೋರಿಸುವುದಿಲ್ಲ, ತೋರಿಸಲೂಬಾರದು. ಒಂದು ಸಲ ಮಾತ್ರ ಆಕೆ ನನಗೇ ಫೋನ್ ಮಾಡಿದಳು: "ಅಣ್ಣಾ, ನಾಲ್ಕನೇ ಜ್ವರ ಅಂದ್ರೆ ಏನು? ಒಬ್ಬರು ಮಗೂನ ಕರಕೊಂಡು ಬರೋಕಾಗಲ್ಲ ಅಂತಿದ್ದಾರೆ. ಮಗೂಗೆ ಜ್ವರ ಇದೆಯಾ ಅಂದ್ರೆ ಇಲ್ಲ ಅಂತಾರೆ."

ವಿವರಿಸಿದೆ. ಅವರ ಊರು ಕೇಳಿದೆ, ಹೇಳುವಂತಿಲ್ಲ ಅಂದಳು. ಹಾಗಾದರೆ ಅವರಿಗೆ ಹೀಗೆ ಹೇಳಮ್ಮ ಅಂದೆ: ತಾಯಿ ಮಗು ಬಸ್ಸು ಹತ್ತಲಿ, ಸೊಪ್ಪು ಹಾಕೋಕೆ ನಾನು ಆಳು ಕಳಿಸುತ್ತೇನೆ, ಒಪ್ಪಿಗೆಯಿದ್ದರೆ ಅವರೇ ನನಗೆ ಫೋನ್ ಮಾಡಲಿ. ಸಂಜೆಯೊಳಗೆ ಮಾಡಿದರು. ಚಿಂತಾಮಣಿ ಕಡೆಯವರು.

ನಮ್ಮ ಮನೆಯಲ್ಲೂ ಇವತ್ತು ಬೆಳಿಗ್ಗೆ ಹುಳು ನಾಲ್ಕನೇ ಜ್ವರ ಎದ್ದಿವೆ. ಮಧ್ಯಾಹ್ನದ ಸೊಪ್ಪಿಗೆ ನಾನಿರಬೇಕು. ಬರುತ್ತೇನೆ, ನಮಸ್ಕಾರ.